ಹಿಂದೆ ಬರುವವಳು

ಅಕ್ಕ ಮಗ್ಗುಲು ಬದಲಿಸಿದಾಗಲೆಲ್ಲ ಟೆಂಟಿನ ಬಟ್ಟೆ ಅಲುಗಿ, ರಾತ್ರಿಯೆಲ್ಲ ಇಬ್ಬರೂ ಬಿಟ್ಟ ಉಸಿರು ಹೆಪ್ಪುಗಟ್ಟಿ ಕೂತಿದ್ದ ಬಿಳಿಯ ಹುಡಿ ತಂಗಿಯ ಮುಖದ ಮೇಲೆ ಉದುರುತ್ತಿತ್ತು. ಒಂದು ಸಲವೂ ಅಕ್ಕನ ಮೇಲೆ ಉದುರಲಿಲ್ಲ. ಯಾರ ಮುಖಕ್ಕೆ ಎರಚಬೇಕೆಂದು ಬೆಟ್ಟಕ್ಕೂ ಗೊತ್ತು ಎಂದುಕೊಂಡು ಅವಳು ಕಣ್ಣು ಮುಚ್ಚಿಕೊಂಡೇ ಮಲಗಿದ್ದಳು. ಎಚ್ಚರವಾಗಿದೆಯೆಂದು ತಿಳಿದರೆ ಅಕ್ಕ ಶುರುಮಾಡುತ್ತಾಳೆ: ನಿದ್ದೆ ಬಂತಾ, ತಲೆ ನೋವಾ, ನೀರು ಕುಡಿದೆಯಾ, ಕಾಲುಚೀಲ ಬದಲಿಸಿದೆಯಾ. ಜೀವಮಾನವೆಲ್ಲ ಶಾಲೆ ನಡೆಸಿದ ಹೆಣ್ಣು. ನಿವೃತ್ತಿಯಾದ ಮೇಲೂ ಎದುರಿಗೆ ಯಾರು ಕೂತರೂ ಹಾಜರಿ ಕರೆಯುವ ದನಿ ಬಿಟ್ಟುಹೋಗಿರಲಿಲ್ಲ. ಈ ಚಾರಣವೂ ಅಕ್ಕನದೇ ಉಡುಗೊರೆ. ‘ನಿನಗೆ ಐವತ್ತು ತುಂಬ್ತು. ಆ ನೆಲಮಾಳಿಗೇಲಿ ಕೂತು ಕೂತು ಬೂಷ್ಟು ಹಿಡಿದಿದೀಯ. ಬಾ, ನಾಲ್ಕು ದಿನ ಒಳ್ಳೇ ಗಾಳಿ ಕುಡಿ,’ ಎಂದು ತಾನೇ ಹೆಸರು ಕೊಟ್ಟು, ತಾನೇ ಬೂಟು ಕೊಂಡು, ಆ ಬೂಟು ತಂಗಿಗೆ ಬಿಗಿಯಾದಾಗ ‘ನಡೀತಾ ನಡೀತಾ ಸಡಿಲ ಆಗುತ್ತೆ’ ಎಂದು ತೀರ್ಪನ್ನೂ ತಾನೇ ಕೊಟ್ಟಿದ್ದಳು. ಬೂಟು ಸಡಿಲಾಗಲಿಲ್ಲ. ಬೆರಳುಗಳು ಒಗ್ಗಿಕೊಂಡವು.

ನೆಲಮಾಳಿಗೆ ಎಂದರೆ ತಂಗಿ ಕೆಲಸ ಮಾಡುವ ಜಾಗ. ದಂತವೈದ್ಯರು ಕಳಿಸಿಕೊಡುವ ಬಾಯಿಯ ಅಚ್ಚುಗಳಿಗೆ ಅಲ್ಲಿ ಹಲ್ಲಿನ ಸೆಟ್ಟು ತಯಾರಾಗುತ್ತದೆ. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಪ್ಲಾಸ್ಟರಿನ ದವಡೆಗಳು ಬಾಯಿ ತೆರೆದುಕೊಂಡು ಕೂತಿರುತ್ತವೆ, ಮಾತು ಮಾತ್ರ ಆಡುವುದಿಲ್ಲ. ಅದಕ್ಕೇ ಅವಳಿಗೆ ಆ ಕೋಣೆ ಇಷ್ಟ. ಮೇಣ ಕರಗಿಸಿ, ಒಂದೊಂದೇ ಹಲ್ಲು ಕೂರಿಸಿ, ಮೇಲಿನದು ಕೆಳಗಿನದರ ಮೇಲೆ ಕೂದಲೆಳೆಯಷ್ಟು ತಪ್ಪಿದರೂ ಹಿಡಿಯುವ ಕಣ್ಣು ಅವಳದು. ಅಕ್ಕ ಒಂದು ದಿನ ಹೇಳದೆ ಕೇಳದೆ ಅಲ್ಲಿಗೆ ಬಂದು, ಪ್ಲಾಸ್ಟರ್ ಧೂಳಿಗೆ ಕರವಸ್ತ್ರ ಮುಚ್ಚಿಕೊಂಡು, ಜೊತೆಯಲ್ಲಿ ಕೆಲಸ ಮಾಡುವವರೆಲ್ಲ ಕೇಳುವ ಹಾಗೆ, ‘ಅಪ್ಪ ಇದಕ್ಕಾ ನಿನ್ನ ಓದಿಸಿದ್ದು, ಊರೋರ ಹಲ್ಲು ಜೋಡ್ಸೋಕೆ?’ ಎಂದಿದ್ದಳು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಅಕ್ಕ ತಾನೂ ನಕ್ಕಾಗ ಅವಳ ಬಲಗಡೆಯ ಕೋರೆಹಲ್ಲು, ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಸವೆಯುವ ಹಾಗೆ ಸವೆದಿರುವುದನ್ನು ತಂಗಿ ನೋಡಿಟ್ಟುಕೊಂಡಳು. ಯಾರಿಗೂ ಹೇಳಲಿಲ್ಲ. ಹೇಳುವುದು ಅವಳ ಸ್ವಭಾವವಲ್ಲ.

ಹೊರಗೆ ಬಂದಾಗ ಆಕಾಶ ತೊಳೆದಿಟ್ಟ ಹಾಗಿತ್ತು. ಆ ನೀಲಿ ಎಷ್ಟು ಗಟ್ಟಿಯಾಗಿತ್ತೆಂದರೆ ಬೆರಳಿನಿಂದ ಬಡಿದರೆ ಸದ್ದು ಬರಬಹುದಿತ್ತು. ಎರಡು ಶಿಖರಗಳ ನಡುವಿನ ತಗ್ಗು, ಎಲ್ಲರೂ ‘ಬಾಗಿಲು’ ಎಂದು ಕರೆಯುತ್ತಿದ್ದ ಜಾಗ, ತಲೆಯೆತ್ತಿದರೆ ಅಲ್ಲೇ ಕಾಣುತ್ತಿತ್ತು. ಅದನ್ನು ದಾಟಿ ಆಚೆ ಇಳಿಯುವುದು ಇವತ್ತಿನ ಕೆಲಸ. ತಂಡದಲ್ಲಿ ಇದ್ದದ್ದು ನಾಲ್ಕೇ ಜನ: ಇವರಿಬ್ಬರು, ಒಬ್ಬ ವಕೀಲರು, ಅವರ ಹೆಂಡತಿ. ಸಾಮಾನು ಹೊರುವವರು ನಸುಕಿನಲ್ಲೇ ಹೊರಟುಹೋಗಿದ್ದರು. ಗೈಡು, ಗಾಳಿ ಹೊಡೆದು ಹೊಡೆದು ಮುಖ ಹಳೆಯ ತೊಗಲಿನಂತಾಗಿದ್ದ ಮನುಷ್ಯ, ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು, ‘ಇಲ್ಲಿಂದ ಮೇಲೆ ಜೋಡಿ ಜೋಡಿಯಾಗಿ ನಡೀರಿ. ಒಬ್ಬರ ಮೇಲೆ ಒಬ್ಬರು ಕಣ್ಣಿಡಿ. ಗಾಳಿ ತೆಳು ಇದೆ. ತಲೆಗೆ ಏರಿದರೆ ಏರಿದೋರಿಗೆ ಗೊತ್ತಾಗಲ್ಲ. ಕುಡಿದವರ ಹಾಗೆ ಕಾಲು ತಪ್ಪೋದು, ಮಾತು ತೊದಲೋದು, ಹೇಳಿದ್ದನ್ನೇ ಹೇಳೋದು, ಇದೇನಾದರೂ ಕಂಡ್ರೆ ಜೊತೆಯವರು ನನಗೆ ಹೇಳಬೇಕು. ಆಗಲೇ ಹೇಳಬೇಕು,’ ಎಂದ.

‘ಹೇಳಿದ್ದನ್ನೇ ಹೇಳೋದು ಕಾಯಿಲೆ ಆದ್ರೆ ನಮ್ಮ ಕೋರ್ಟಲ್ಲಿ ಒಬ್ಬರೂ ಉಳೀತಿರಲಿಲ್ಲ ಬಿಡಿ,’ ಎಂದರು ವಕೀಲರು.

ಅಕ್ಕ ನಕ್ಕು, ‘ನಮ್ಮ ತಂಗೀನ ನಾನು ನೋಡ್ಕೋತೀನಿ. ಇವಳಿಗೆ ಚಿಕ್ಕಂದಿನಿಂದ್ಲೂ ಉಸಿರು ಕಮ್ಮಿ. ನೀವು ಸ್ವಲ್ಪ ನಿಧಾನಕ್ಕೇ ನಡೀರಪ್ಪ, ಇವಳಿಗೋಸ್ಕರ,’ ಎಂದು, ಎಲ್ಲರೂ ನೋಡುತ್ತಿದ್ದಂತೆಯೇ ತಂಗಿಯ ಬ್ಯಾಗಿನ ಬಾಯಿ ಬಿಚ್ಚಿ ಒಳಗೆ ಕೈಹಾಕಿದಳು. ‘ಇದೇನಿದು, ಕನ್ನಡಿ? ಬೆಟ್ಟಕ್ಕೆ ಮುಖ ತೋರ್ಸೋಕಾ? ಇದೊಂದು ಪುಸ್ತಕ. ಇದೇನು, ಇನ್ನೊಂದು ಟವೆಲ್ಲು?’ ಒಂದೊಂದೇ ಹೊರಗೆ ತೆಗೆದು ಬಂಡೆಯ ಮೇಲಿಟ್ಟಳು. ಅಲ್ಲಿ ಬಿದ್ದಿದ್ದ ತನ್ನ ವಸ್ತುಗಳನ್ನು ನೋಡುತ್ತ ಅವಳಿಗೆ ತನ್ನ ಮೈಮೇಲಿನ ಬಟ್ಟೆಯೇ ಬಿಚ್ಚಿ ಇಟ್ಟಂತಾಯಿತು. ವಕೀಲರ ಹೆಂಡತಿ ಮುಖ ಆಚೆ ತಿರುಗಿಸಿದರು. ಆ ಸೌಜನ್ಯ ಅಕ್ಕನ ಮಾತಿಗಿಂತ ಹೆಚ್ಚು ಚುಚ್ಚಿತು.

ನಡಿಗೆ ಶುರುವಾಯಿತು. ಅಕ್ಕ ಮುಂದೆ, ಅವಳು ಹಿಂದೆ. ಯಾವಾಗಲೂ ಹೀಗೆಯೇ. ಶಾಲೆಗೆ ಹೋಗುವಾಗ ಅಕ್ಕನ ಬೆನ್ನಿನ ಮೇಲೆ ಕುಣಿಯುತ್ತಿದ್ದ ಜಡೆ, ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ ದಿನ ಉದ್ದನೆಯ ಪಡಸಾಲೆಯಲ್ಲಿ ಟಕಟಕ ನಡೆದ ಅಕ್ಕನ ಹಿಮ್ಮಡಿ, ತನ್ನ ಗಂಡ ಬಿಟ್ಟುಹೋದ ಮೇಲೆ ವಿಚ್ಛೇದನಕ್ಕೆಂದು ವಕೀಲರೊಬ್ಬರ ಕಚೇರಿಗೆ ಹತ್ತಿದ ಮೆಟ್ಟಿಲುಗಳಲ್ಲಿ ಮತ್ತೆ ಅದೇ ಬೆನ್ನು. ‘ನೀನು ಸುಮ್ನಿರು, ನಾನು ಮಾತಾಡ್ತೀನಿ.’ ಸುಮ್ಮನಿದ್ದಳು. ಸುಮ್ಮನಿದ್ದೂ ಇದ್ದೂ ಅದೇ ಅವಳ ಭಾಷೆಯಾಯಿತು. ಈಗ ಕಾಲಡಿಯಲ್ಲಿ ಸಡಿಲ ಕಲ್ಲು ಜಾರುತ್ತಿತ್ತು, ಒಂದು ಹೆಜ್ಜೆಗೆ ಅರ್ಧ ಹೆಜ್ಜೆ ಹಿಂದಕ್ಕೆ. ಉಸಿರು ಒಳಗೆ ಹೋದರೂ ಏನನ್ನೋ ಮರೆತು ಹೋದಂತೆ ಬರಿಗೈಯಲ್ಲಿ ಹೊರಗೆ ಬರುತ್ತಿತ್ತು. ಬಿಸಿಲು ಹಣೆಯನ್ನು ಸುಡುತ್ತಿತ್ತು, ಅದೇ ಹೊತ್ತಿಗೆ ನೆರಳಿನಲ್ಲಿದ್ದ ಕಿವಿ ಚಳಿಗೆ ಉರಿಯುತ್ತಿತ್ತು. ಇಲ್ಲಿ ಯಾವುದೂ ಮನುಷ್ಯರಿಗಾಗಿ ಇಟ್ಟದ್ದಲ್ಲ. ಹುಲ್ಲುಕಡ್ಡಿಯೂ ಬೇಡವೆಂದು ಬಿಟ್ಟುಹೋದ ಜಾಗಕ್ಕೆ ಜನ ದುಡ್ಡು ಕೊಟ್ಟು ಬರುತ್ತಾರಲ್ಲ ಎಂದುಕೊಂಡಳು.

ಮೊದಲ ತಂಗುವ ಜಾಗದಲ್ಲಿ ಅಕ್ಕ ಬಂಡೆಗೊರಗಿ ನೀರು ಕುಡಿಯುತ್ತ, ಯಾವುದೋ ಮಾತಿನ ಮುಂದುವರಿಕೆಯ ಹಾಗೆ, ‘ಒಳ್ಳೇ ಹುಡುಗ ಕಣೆ ಅವನು. ಎರಡು ಸಲ ಬಂದಿದ್ದ ಮನೆಗೆ. ಊಟ ಮಾಡಿದ ತಟ್ಟೆ ತಾನೇ ತೊಳೆದಿಟ್ಟ,’ ಎಂದಳು.

‘ಯಾರು?’

‘ಅವನೇ. ನಿನ್ನ ಮಗಳು ಮದುವೆ ಆಗ್ತೀನಿ ಅಂತಿದಾಳಲ್ಲ, ಅವನು.’ ಅಕ್ಕ ತಂಗಿಯ ಮುಖ ನೋಡಿದಳು. ‘ಅಯ್ಯೋ, ನಿನಗೆ ಹೇಳಿಲ್ವಾ ಅವಳು? ಹೇಳ್ತೀನಿ ಅಂದಿದ್ಲಪ್ಪ.’

ಗಾಳಿ ಒಂದು ಗಳಿಗೆ ನಿಂತಿತು. ಅಥವಾ ಅವಳಿಗೆ ಹಾಗನ್ನಿಸಿತು. ಮಗಳು ಹೋದ ತಿಂಗಳು ಮನೆಗೆ ಬಂದಿದ್ದಳು, ಅಡುಗೆಮನೆಯ ಕಟ್ಟೆಯ ಮೇಲೆ ಕಾಲಾಡಿಸುತ್ತ ಕೂತಿದ್ದಳು, ಏನೋ ಹೇಳಬೇಕೆಂದು ಬಾಯಿ ತೆರೆದು ‘ಏನಿಲ್ಲ ಬಿಡಮ್ಮ’ ಎಂದಿದ್ದಳು. ಅವಳು ಒತ್ತಾಯಿಸಲಿಲ್ಲ. ಮಗಳ ಮುಖವನ್ನು ನೋಡಿದಳು, ಅಷ್ಟೇ. ಆ ಹೊತ್ತಿಗಾಗಲೇ ಆ ಹುಡುಗ ಅಕ್ಕನ ಮನೆಯ ತಟ್ಟೆ ತೊಳೆದಿಟ್ಟು ಹೋಗಿದ್ದ. ‘ಹೇಳಿದ್ಲು, ಹೇಳಿದ್ಲು. ಮರೆತಿದ್ದೆ,’ ಎಂದಳು. ಎಂಥ ದರಿದ್ರ ಸುಳ್ಳು! ಅಕ್ಕ ನಂಬಿದಂತೆ ತಲೆಯಾಡಿಸಿದ್ದು ಇನ್ನೂ ದರಿದ್ರವಾಗಿತ್ತು. ಬಾಯಿ ಜಾರಿ ಹೇಳಿದಳೋ, ಬೇಕೆಂದೇ ಹೇಳಿದಳೋ? ಅಕ್ಕನ ಬಾಯಿ ಜಾರಿದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಎದ್ದು ಹೊರಡುವಾಗ ಅಕ್ಕ ಬಲಗೈಯ ಗವಸನ್ನು ಎಡಗೈಗೆ ತೊಡಲು ನೋಡಿದಳು. ಹೆಬ್ಬೆರಳಿಗೆ ಜಾಗ ಸಿಗದೆ, ತಿರುಗಿಸಿ ಮುರುಗಿಸಿ ಮತ್ತೆ ಅದೇ ಕೈಗೆ ತುರುಕಿದಳು. ‘ಏನು ಹಾಳು ಗವಸು ಮಾಡ್ತಾರೋ,’ ಎಂದು ರೇಗಿದಳು. ತಂಗಿ ನೋಡಿದಳು. ಏನೋ ಸಣ್ಣಗೆ ಎದೆಯಲ್ಲಿ ಮಿಡಿಯಿತು. ಅದು ಭಯವಲ್ಲ ಎಂದು ಅವಳಿಗೆ ತಕ್ಷಣವೇ ತಿಳಿಯಿತು. ಸ್ವಲ್ಪ ದೂರ ಹೋದ ಮೇಲೆ ಅಕ್ಕ ತಿರುಗಿ, ‘ಒಳ್ಳೇ ಹುಡುಗ ಕಣೆ ಅವನು. ಎರಡು ಸಲ ಬಂದಿದ್ದ ಮನೆಗೆ,’ ಎಂದಳು. ಅದೇ ದನಿ, ಅದೇ ಮಾತು, ತಟ್ಟೆ ತೊಳೆದದ್ದೂ ಸೇರಿ. ಅದಾದ ಮೇಲೆ ಕಲ್ಲೇ ಇಲ್ಲದ ಸಪಾಟು ಜಾಗದಲ್ಲಿ ಅಕ್ಕನ ಕಾಲು ಕಾಲಿಗೆ ತೊಡರಿತು. ಕೋಲೂರಿ ಸಾವರಿಸಿಕೊಂಡು, ಯಾರಾದರೂ ನೋಡಿದರೇನೋ ಎಂದು ಅತ್ತಿತ್ತ ಕಣ್ಣು ಹಾಯಿಸಿದಳು. ಆ ಕಳ್ಳನೋಟ! ಹತ್ತಾರು ವರ್ಷ ಅದೇ ನೋಟ ತನ್ನ ಮುಖದಲ್ಲಿತ್ತು, ಈಗ ಒಡತಿ ಬದಲಾಗಿದ್ದಾಳೆ. ಬಿಗಿಯಾದ ಬೂಟಿನೊಳಗೆ ಅವಳ ಹೆಜ್ಜೆ ಹಗುರವಾಯಿತು. ನಾಲಗೆಯ ತುದಿಯಲ್ಲಿ ಬೆಲ್ಲ ಇಟ್ಟುಕೊಂಡ ಹಾಗೆ ಆ ನೋಟವನ್ನು ಚಪ್ಪರಿಸುತ್ತ ನಡೆದಳು.

ಹೆಪ್ಪುಗಟ್ಟಿದ ಸಣ್ಣ ಕೊಳದ ಹತ್ತಿರ ಗೈಡು ಎಲ್ಲರನ್ನೂ ನಿಲ್ಲಿಸಿದ. ಪಶ್ಚಿಮದ ಶಿಖರದ ಹಿಂದಿನಿಂದ ಮೋಡದ ಒಂದು ನಾಲಗೆ ಹೊರಬಂದಿತ್ತು. ಅದನ್ನು ದಿಟ್ಟಿಸಿ, ‘ಹವೆ ಕೆಡೋ ಹಾಗಿದೆ. ಮೇಲೆ ಹೋದ್ಮೇಲೆ ನಿಲ್ಲೋದು ಕಷ್ಟ. ಯಾರಿಗಾದ್ರೂ ಏನಾದ್ರೂ ಇದ್ರೆ ಈಗ್ಲೇ ಹೇಳಿ, ಇಲ್ಲಿಂದ್ಲೇ ಇಳಿದುಬಿಡೋಣ,’ ಎಂದ. ವಕೀಲ ದಂಪತಿಯನ್ನು ವಿಚಾರಿಸಿಕೊಂಡು ಇವರ ಹತ್ತಿರ ಬಂದ. ಅಕ್ಕ ಆಗ ಕೊಳದ ಅಂಚಿನಲ್ಲಿ ಬೆನ್ನು ಮಾಡಿ ಕೂತು, ಬೂಟಿನ ದಾರ ಕಟ್ಟಲು ನೋಡುತ್ತಿದ್ದಳು, ಗಂಟು ಕೂರುತ್ತಿರಲಿಲ್ಲ.

‘ನಿಮ್ಮ ಅಕ್ಕ ಹೇಗಿದ್ದಾರೆ?’

ಉತ್ತರ ಬಾಯಲ್ಲೇ ಇತ್ತು. ಕಾಲು ತಪ್ಪುತ್ತಿದೆ, ಹೇಳಿದ್ದನ್ನೇ ಹೇಳುತ್ತಿದ್ದಾಳೆ, ದಾರ ಕಟ್ಟಲು ಬರುತ್ತಿಲ್ಲ. ಹೇಳಿದರೆ ಏನಾಗುತ್ತದೆಂದೂ ಗೊತ್ತಿತ್ತು: ಅಕ್ಕ ಎದ್ದು ನಿಂತು, ‘ನನಗೇನಾಗಿದೆ? ಇವಳಿಗೆ ಆಗ್ತಿಲ್ಲ, ಅದಕ್ಕೆ ನನ್ನ ಮೇಲೆ ಹಾಕ್ತಿದಾಳೆ,’ ಎನ್ನುತ್ತಾಳೆ. ಎಲ್ಲರೂ ಅಕ್ಕನನ್ನೇ ನಂಬುತ್ತಾರೆ. ಇದು ನೆಪವೆಂದೂ ಅವಳಿಗೆ ಗೊತ್ತಿತ್ತು. ನಿಜವಾಗಿ ಬೇಕಾಗಿದ್ದದ್ದು ಇನ್ನೊಂದು: ಆ ಬೆನ್ನು ಎಲ್ಲರೆದುರು ಒಂದು ಸಲ, ಒಂದೇ ಒಂದು ಸಲ, ಧೊಪ್ಪನೆ ಬೀಳುವುದನ್ನು ನೋಡಬೇಕಾಗಿತ್ತು.

‘ಸರಿ ಇದ್ದಾರೆ,’ ಎಂದಳು.

ಗೈಡು ತಲೆಯಾಡಿಸಿ ಮುಂದೆ ಹೋದ. ಅಷ್ಟು ಸುಲಭವಾಗಿತ್ತು.

ಆಮೇಲೆ ಹವೆ ಕೆಟ್ಟದ್ದು ಒಂದು ಬಾಗಿಲು ಮುಚ್ಚಿಕೊಂಡಷ್ಟು ಬೇಗ. ಮೊದಲು ನೆರಳು ಬಂತು, ಆಮೇಲೆ ವಾಸನೆ, ಕಬ್ಬಿಣವನ್ನು ನೆಕ್ಕಿದಾಗ ಬರುವಂಥದ್ದು, ಆಮೇಲೆ ಗಾಳಿ. ಅಕ್ಕಿಕಾಳಿನಂಥ ಆಲಿಕಲ್ಲು ಜಾಕೆಟ್ಟಿನ ಟೋಪಿಯ ಮೇಲೆ ಚಟಪಟ ಸಿಡಿದು, ಸ್ವಲ್ಪ ಹೊತ್ತಿನಲ್ಲೇ ಹಿಮವಾಗಿ ಅಡ್ಡಡ್ಡ ಹಾರತೊಡಗಿತು. ಬೆಳಗಿನ ನೀಲಿ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಹೇಳಬೇಕು, ಈಗಲಾದರೂ ಹೇಳಬೇಕು ಎಂದು ಪ್ರತಿ ಹೆಜ್ಜೆಗೂ ಅಂದುಕೊಂಡಳು. ಪ್ರತಿ ಹೆಜ್ಜೆಯೂ ಅದನ್ನು ಇನ್ನಷ್ಟು ಕಷ್ಟವಾಗಿಸುತ್ತಿತ್ತು. ಈಗ ಹೇಳಿದರೆ, ಕೊಳದ ಹತ್ತಿರ ಕೇಳಿದಾಗ ಏಕೆ ಹೇಳಲಿಲ್ಲ ಎಂಬ ಪ್ರಶ್ನೆಯೂ ಜೊತೆಗೆ ಹೊರಬರುತ್ತದೆ. ಅಕ್ಕನ ನಡಿಗೆ ನಿಧಾನವಾಗುತ್ತ ಬಂದು, ಎರಡು ಹೆಜ್ಜೆ ಇಟ್ಟು ನಿಲ್ಲುವಂತಾಯಿತು. ಅವಳ ಹಿಂದೆ ನಿಂತು ಕಾಯುವುದು ಚಳಿಗೆ ಮೈಯೊಡ್ಡಿದಂತೆ. ಅವಳು ಪಕ್ಕಕ್ಕೆ ಸರಿದು, ಅಕ್ಕನನ್ನು ದಾಟಿ ಮುಂದೆ ಹೋದಳು.

ಅಕ್ಕನಿಗಿಂತ ಮುಂದೆ! ಕಣ್ಣೆದುರು ಬೆನ್ನಿರಲಿಲ್ಲ. ಬಿಳುಪಷ್ಟೇ ಇತ್ತು, ಅದರೊಳಗೆ ಮಸುಕಾಗಿ ವಕೀಲರ ಕೆಂಪು ಬ್ಯಾಗು. ಎದೆ ಸೀಳುತ್ತಿದ್ದರೂ ಅವಳು ವೇಗ ಹೆಚ್ಚಿಸಿದಳು. ಮಗಳಿಗೆ ಹೇಳಬೇಕು, ನಿನ್ನ ದೊಡ್ಡಮ್ಮ ಹಿಂದೆ ಬಿದ್ದಳು, ನಾನು ಹೋಗಿಬಿಟ್ಟೆ. ಹೇಳುವ ಮಾತನ್ನು ಜೋಡಿಸಿಕೊಳ್ಳುತ್ತಲೇ ನಡೆದಳು, ಒಂದೊಂದೇ ಪದವನ್ನು ಮೇಣದಲ್ಲಿ ಕೂರಿಸುವ ಹಾಗೆ, ಮಗಳು ಎಲ್ಲಿ ನಗುತ್ತಾಳೆ, ಎಲ್ಲಿ ‘ಹೌದಾ ಅಮ್ಮ?’ ಎನ್ನುತ್ತಾಳೆ ಎಂದು ಯೋಚಿಸುತ್ತ. ಬಾಗಿಲಿನ ಹತ್ತಿರ, ದಾರಿಯ ಗುರುತಿಗೆ ಪೇರಿಸಿದ್ದ ಕಲ್ಲುಗುಪ್ಪೆ ಸಿಕ್ಕಾಗ ಗೈಡು ಎಲ್ಲರನ್ನೂ ಎಣಿಸಿ, ಗಾಳಿಗಿಂತ ಜೋರಾಗಿ ಕೂಗಿದ: ‘ನಿಮ್ಮ ಅಕ್ಕ ಎಲ್ಲಿ?’

ಅವಳು ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ.

ಹಿಂದೆ ಯಾರೂ ಇಲ್ಲ ಎಂಬುದು ಕಣ್ಣಿಗೆ ಕಂಡಮೇಲೂ ತಲೆಗೆ ಇಳಿಯಲು ಹೊತ್ತು ಹಿಡಿಯಿತು. ತಮ್ಮದೇ ಹೆಜ್ಜೆ ಗುರುತುಗಳು ಆಗಲೇ ತುಂಬಿಕೊಳ್ಳುತ್ತಿದ್ದವು. ಗೈಡು ಓಡಿದ, ಅವಳು ಅವನ ಹಿಂದೆ ಬಿದ್ದು ಎದ್ದು, ‘ಅಕ್ಕಾ, ಅಕ್ಕಾ’ ಎಂದು ಅರಚುತ್ತ ಇಳಿದಳು, ಆ ದನಿ ಯಾರದೆಂದು ಅವಳಿಗೇ ಗುರುತು ಹತ್ತಲಿಲ್ಲ. ದಾರಿಯಿಂದ ಸ್ವಲ್ಪ ಆಚೆ, ಕಣಿವೆಯ ಕಡೆಗೆ ಬಾಗಿದ ಇಳಿಜಾರಿನಲ್ಲಿ ಅಕ್ಕ ಕೂತಿದ್ದಳು. ಎರಡೂ ಗವಸು ಕಳಚಿ ಪಕ್ಕದಲ್ಲಿ ಅಚ್ಚುಕಟ್ಟಾಗಿ ಇಟ್ಟಿದ್ದಳು. ಜಾಕೆಟ್ಟಿನ ಗುಂಡಿ ಬಿಚ್ಚುತ್ತಿದ್ದಳು. ಇನ್ನೊಂದು ಮಾರು ಜರುಗಿದ್ದರೆ ಕೆಳಗೆ ಬರೀ ಗಾಳಿ.

ಗೈಡು ಅಕ್ಕನನ್ನು ಎಬ್ಬಿಸಿ ನಿಲ್ಲಿಸಿದ. ನಿಲ್ಲಲಾಗಲಿಲ್ಲ. ಕಣ್ಣಿನ ಮುಂದೆ ಬೆರಳಾಡಿಸಿ ಏನೋ ಕೇಳಿದ. ಅಕ್ಕ ಅವನಿಗೆ, ‘ಮಕ್ಕಳನ್ನೆಲ್ಲ ಒಳಗೆ ಕಳಿಸಿ, ಮಳೆ ಬರ್ತಿದೆ,’ ಎಂದಳು. ಮಾತು ಬಾಯೊಳಗೇ ಅಂಟಿಕೊಂಡು ಬಂತು. ಅವನು ಬ್ಯಾಗಿನಿಂದ ಸೂಜಿ ತೆಗೆದು, ಪ್ಯಾಂಟಿನ ಮೇಲಿನಿಂದಲೇ ತೊಡೆಗೆ ಚುಚ್ಚಿದ. ‘ಇಳೀಬೇಕು. ಈಗ್ಲೇ. ಬಂದ ದಾರೀಲೇ, ಟೆಂಟಿನ ಜಾಗಕ್ಕಿಂತ ಕೆಳಗಿರೋ ಕಲ್ಲಿನ ಮನೆ ತನಕ,’ ಎಂದ. ಆಮೇಲೆ ತಂಗಿಯ ಕಡೆ ತಿರುಗಿ, ‘ಯಾವಾಗಿಂದ ಹೀಗೆ?’

‘ಈಗ... ಈಗ ತಾನೇ.’

ಅವನು ಅಕ್ಕನ ಗವಸುಗಳನ್ನು ಎತ್ತಿ ಅವಳ ಕೈಗೆ ಕೊಟ್ಟ.

ವಕೀಲರೂ ಅವರ ಹೆಂಡತಿಯೂ ಕಲ್ಲುಗುಪ್ಪೆಗಳನ್ನು ಹುಡುಕಿಕೊಂಡು ಮುಂದೆ ಇಳಿದರು. ಅಕ್ಕನ ಒಂದು ತೋಳು ಗೈಡಿನ ಹೆಗಲ ಮೇಲೆ, ಇನ್ನೊಂದು ಅವಳ ಹೆಗಲ ಮೇಲೆ. ಅಕ್ಕನ ಮೈ ಇಷ್ಟು ಭಾರವೆಂದು ಅವಳಿಗೆ ಗೊತ್ತೇ ಇರಲಿಲ್ಲ. ಮುಟ್ಟಿ ಎಷ್ಟು ವರ್ಷವಾಗಿತ್ತೋ. ಕೊಳ ಇನ್ನೂ ದೂರವಿರುವಾಗ ಅಕ್ಕ ಇದ್ದಕ್ಕಿದ್ದಂತೆ ಎರಡೂ ಕಾಲೂರಿ ನಿಂತಳು. ‘ನಾನು ಬರಲ್ಲ. ನನ್ನ ತಂಗಿ ಹಿಂದೆ ಇದಾಳೆ.’

‘ನಾನೇ ಅಕ್ಕ. ಇಲ್ಲೇ ಇದೀನಿ, ನೋಡು.’

ಅಕ್ಕ ಅವಳ ಮುಖವನ್ನು ಹತ್ತಿರದಿಂದ ನೋಡಿದಳು, ಫೀಸು ಕಟ್ಟದ ಪೋಷಕರನ್ನು ನೋಡುವ ಹಾಗೆ. ‘ನೀವ್ಯಾರು ನಡುವೆ? ಬಿಡಿ ಕೈ,’ ಎಂದು ಫಟ್ಟನೆ ಕೆನ್ನೆಗೆ ಹೊಡೆದಳು. ಚಳಿಗೆ ಮರಗಟ್ಟಿದ್ದ ಕೆನ್ನೆ ಒಡೆದುಹೋದಂತಾಯಿತು. ಅಕ್ಕ ಹಿಮದಲ್ಲಿ ಕೂತೇಬಿಟ್ಟಳು. ಗೈಡು ಎಳೆದ, ಅಲುಗಲಿಲ್ಲ. ‘ಏನಾದ್ರೂ ಹೇಳಿ ಎಬ್ಬಿಸಿ. ಇಲ್ಲಿ ಕೂತ್ರೆ ಆಯ್ತು ಇವರ ಕಥೆ,’ ಎಂದ.

ಅವಳು ಮಂಡಿಯೂರಿದಳು. ಗುರುತಿಲ್ಲದವಳ ದನಿಯಲ್ಲಿ, ‘ನಿಮ್ಮ ತಂಗಿ ಆಗ್ಲೇ ಕೆಳಗೆ ಹೋದ್ರು, ಮೇಡಂ. ಕಾಯ್ತಿದಾರೆ ನಿಮಗೋಸ್ಕರ,’ ಎಂದಳು.

‘ಸುಳ್ಳು. ಅವಳು ಯಾವತ್ತೂ ನನ್ನ ಮುಂದೆ ಹೋಗಲ್ಲ.’

‘ಇವತ್ತು ಹೋದ್ರು.’

ಅಕ್ಕ ಅದನ್ನು ತೂಗಿ ನೋಡಿದಳು. ‘ಯಾರಿದಾರೆ ಜೊತೇಲಿ? ಅವಳು ಬಿದ್ರೂ ಬಾಯಿ ಬಿಡಲ್ಲ. ಹಠಮಾರಿ.’

‘ಜೊತೇಲಿ ಜನ ಇದಾರೆ. ಏಳಿ.’

ಅಕ್ಕ ಎದ್ದಳು. ಮತ್ತೆ ತೋಳು ಹೆಗಲಿಗೆ ಬಂತು. ಇಳಿಯುತ್ತ ಇಳಿಯುತ್ತ ಅಕ್ಕ ಅರ್ಧಂಬರ್ಧ ಮಾತಾಡುತ್ತಲೇ ಇದ್ದಳು, ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತಳ ಹತ್ತಿರ ಮನೆಯ ದೂರು ಹೇಳುವ ಹಾಗೆ. ‘ಅವಳ ಮಗಳು ನನ್ನ ಹತ್ರ ಬಂದು ಅಳುತ್ತೆ, ಗೊತ್ತಾ. ಅಮ್ಮನಿಗೆ ನೀನೇ ಹೇಳು ದೊಡ್ಡಮ್ಮ, ನನಗೆ ಭಯ ಅನ್ನುತ್ತೆ.’

ಗಾಳಿ ಕಿವಿಯಲ್ಲಿ ಊಳಿಡುತ್ತಿತ್ತು. ಕೇಳಬಾರದು ಎಂದು ಗೊತ್ತಿತ್ತು, ಕೇಳಿದರೆ ಕಳ್ಳತನ. ಆದರೂ ಅದೇ ಪರಕೀಯ ದನಿಯಲ್ಲಿ ಕೇಳಿದಳು: ‘ಯಾಕಂತೆ ಭಯ? ಬೈತಾರಾ ಅವರು?’

‘ಬೈದ್ರೆ ಪರವಾಗಿಲ್ವಲ್ಲ. ಏನೂ ಅನ್ನಲ್ಲ. ಸುಮ್ನೆ ನೋಡ್ತಾಳೆ. ನೋಡಿ ನೋಡಿ ಒಳಗೆ ಇಟ್ಕೋತಾಳೆ.’ ಅಕ್ಕ ಉಸಿರಿಗಾಗಿ ನಿಂತು, ಮತ್ತೆ ತೊದಲಿದಳು. ‘ನನಗೂ ಭಯಾನೇ. ಅದಕ್ಕೇ ನಾನು ಸುಮ್ಮನಿರಲ್ಲ. ಮಾತಾಡ್ತಾನೇ ಇರ್ತೀನಿ.’

ಅವಳ ಕಾಲು ಜಾರಿತು. ಬೀಳದಂತೆ ಅಕ್ಕನನ್ನೇ ಹಿಡಿದುಕೊಂಡಳು. ಆಮೇಲೆ ಕಲ್ಲಿನ ಮನೆಯವರೆಗೂ ಅವಳು ಇನ್ನೇನೂ ಕೇಳಲಿಲ್ಲ. ಕೊಳ ದಾಟಿದ್ದು, ರಾತ್ರಿ ಮಲಗಿದ್ದ ಟೆಂಟಿನ ಜಾಗ ದಾಟಿದ್ದು, ಹಿಮ ಮಳೆಯಾಗಿ ಬೂಟಿನೊಳಗೆ ಇಳಿದದ್ದು, ಎಲ್ಲವೂ ಬೇರೆ ಯಾರಿಗೋ ಆದ ಹಾಗೆ ಆಯಿತು.

ಕಲ್ಲಿನ ಮನೆ ಎಂದರೆ ದಪ್ಪ ಗೋಡೆಯ ಒಂದೇ ಕೋಣೆ, ಮಧ್ಯೆ ಕಬ್ಬಿಣದ ಒಲೆ, ಗೋಡೆಯುದ್ದಕ್ಕೂ ಮಂಚಗಳು. ಒದ್ದೆ ಉಣ್ಣೆ, ಸೀಮೆಎಣ್ಣೆ, ಜನರ ಮೈ, ಎಲ್ಲ ಸೇರಿದ ಬಿಸಿ ವಾಸನೆ. ಅಕ್ಕನನ್ನು ಮಲಗಿಸಿ ಮೂಗಿಗೆ ಆಮ್ಲಜನಕದ ನಳಿಗೆ ಇಟ್ಟರು. ಒಂದೆರಡು ಗಂಟೆಯಲ್ಲಿ ಅಕ್ಕನ ತುಟಿಗೆ ಬಣ್ಣ ಬಂತು. ಸಂಜೆಯ ಹೊತ್ತಿಗೆ ಕಣ್ಣು ಬಿಟ್ಟು, ಸೂರು ನೋಡಿ, ಒಲೆ ನೋಡಿ, ಕೊನೆಗೆ ತಂಗಿಯನ್ನು ನೋಡಿದಳು. ‘ಇದೇನು, ವಾಪಸ್ ಬಂದಿದೀವಿ?’ ಮಾತು ಸ್ವಚ್ಛವಾಗಿತ್ತು. ‘ನಿನಗೆ ಆಗ್ಲಿಲ್ಲ ಅಲ್ವಾ? ನಾನು ಮೊದಲೇ ಅಂದ್ಕೊಂಡಿದ್ದೆ.’

ವಕೀಲರ ಹೆಂಡತಿ ಬಾಯಿ ತೆರೆದರು. ಅವಳು ಕಣ್ಣಿನಲ್ಲೇ ಬೇಡವೆಂದಳು. ‘ಹೌದು. ನನಗೇ ಆಗ್ಲಿಲ್ಲ,’ ಎಂದಳು.

ಬೇಡವೆಂದದ್ದು ಕರುಣೆಯಿಂದಲ್ಲ. ಆ ಬೈಗುಳ ಅಷ್ಟು ಅಗ್ಗವಾಗಿತ್ತು. ಅದನ್ನು ಇಟ್ಟುಕೊಂಡರೆ ಕೊಳದ ಹತ್ತಿರ ತಾನು ಹೇಳಿದ ಸುಳ್ಳಿನ ವಿಷಯ ಯಾರೂ ಕೇಳುವುದಿಲ್ಲ. ಅಕ್ಕ ಆಗಲೇ ದಿಂಬಿಗೊರಗಿ ಕೂತು, ಮನೆ ನೋಡಿಕೊಳ್ಳುವವನ ಫೋನು ತರಿಸಿಕೊಂಡು, ತಂಗಿಯ ಮಗಳಿಗೆ ವರದಿ ಒಪ್ಪಿಸುತ್ತಿದ್ದಳು: ‘ಗಾಬರಿ ಆಗ್ಬೇಡ ಕಣೆ. ನಿಮ್ಮಮ್ಮನಿಗೆ ಮೇಲೆ ಸ್ವಲ್ಪ ಹೆಚ್ಚುಕಮ್ಮಿ ಆಯ್ತು. ಇಳಿಸ್ಕೊಂಡು ಬಂದ್ವಿ. ಹೂಂ, ನಾನಿದ್ದೆನಲ್ಲ. ಕೊಡ್ತೀನಿ ತಗೋ.’

‘ಅಮ್ಮಾ,’ ಎಂದಿತು ಮಗಳ ದನಿ, ಅಳುವಿನ ಅಂಚಿನಲ್ಲಿ. ‘ಏನಾಯ್ತಮ್ಮಾ? ನಿಜ ಹೇಳು.’ ಇಷ್ಟು ಹತ್ತಿರದಿಂದ ಆ ದನಿ ಕೇಳಿ ಎಷ್ಟು ಕಾಲವಾಗಿತ್ತು. ಅವಳು ಹೇಳಿದಳು: ಕಾಲು ತಪ್ಪುತ್ತಿತ್ತು, ಗವಸು ಹಾಕಿಕೊಳ್ಳಲು ಬರಲಿಲ್ಲ, ಹೇಳಿ‍ದ್ದನ್ನೇ ಹೇಳುತ್ತಿದ್ದೆನಂತೆ, ಹಿಮದಲ್ಲಿ ಕೂತುಬಿಟ್ಟೆ. ಒಂದೊಂದೂ ನಿಜ, ಒಂದೂ ತನ್ನದಲ್ಲ. ಮಗಳು ಬಿಕ್ಕಿದಳು. ‘ದೊಡ್ಡಮ್ಮ ಇದ್ದಿದ್ದಕ್ಕೆ ಆಯ್ತು. ಇಲ್ದಿದ್ರೆ?’ ಎಂದಳು. ‘ಹೌದು ಕಣೆ. ಅಕ್ಕ ಇದ್ದಿದ್ದಕ್ಕೆ,’ ಎಂದು ಫೋನು ಹಿಂದಿರುಗಿಸಿದಳು.

ಹೊರಗೆ ಮಳೆ ನಿಂತಿತ್ತು. ಗೈಡು ಜಗಲಿಯ ಮೇಲೆ ಕೂತು ಒದ್ದೆ ಹಗ್ಗವನ್ನು ಸುತ್ತುತ್ತಿದ್ದ. ಅವಳು ಬಂದದ್ದನ್ನು ಕಂಡು ತಲೆಯೆತ್ತದೆಯೇ ಕೇಳಿದ: ‘ಕೊಳದ ಹತ್ರ ಕೇಳಿದೆನಲ್ಲ. ಆಗ ಸರಿ ಇದ್ರಾ?’

ಇಲ್ಲಿಯವರೆಗೆ ಬಂದ ಸುಳ್ಳುಗಳೆಲ್ಲ ಸಾಲಾಗಿ ಬಾಯಿ ತೆರೆದುಕೊಂಡು ಕೂತಿದ್ದವು. ಇನ್ನೊಂದಕ್ಕೆ ಜಾಗವಿರಲಿಲ್ಲ.

‘ಇರಲಿಲ್ಲ,’ ಎಂದಳು.

ಅವನು ಹಗ್ಗ ಸುತ್ತುವುದನ್ನು ನಿಲ್ಲಿಸಲಿಲ್ಲ. ಬೈಯುತ್ತಾನೆ ಎಂದು ಕಾದಳು. ಬೈಯಲಿಲ್ಲ. ಹಗ್ಗದ ತುದಿಗೆ ಗಂಟು ಹಾಕಿ, ‘ನಾಳೆ ಇಳಿಯುವಾಗ ಅವರ ಜೊತೆ ವಕೀಲರ ಮನೆಯವರು ನಡೀತಾರೆ. ನೀವು ಬೇಡ. ನೀವು ಒಬ್ಬರೇ ಬನ್ನಿ,’ ಎಂದ.

ಒಳಗೆ ಬಂದು ಮಂಚದ ಅಂಚಿನಲ್ಲಿ ಕೂತಳು.

‘ಏನಂತೆ ಅವನದು?’ ಎಂದು ಕೇಳಿದಳು ಅಕ್ಕ.

‘ನಾಳೆ ನಿನ್ನ ಜೊತೆ ವಕೀಲರ ಹೆಂಡ್ತಿ ಬರ್ತಾರಂತೆ.’

‘ಸದ್ಯ! ನಿನ್ನ ಕಾದು ಕಾದು ನನಗೂ ಸಾಕಾಗಿತ್ತು.’ ಅಕ್ಕ ಕಂಬಳಿ ಎಳೆದುಕೊಂಡಳು. ‘ನಿನ್ನ ಜೊತೆ?’

‘ಯಾರೂ ಇಲ್ಲ.’

‘ಯಾರೂ ಇಲ್ಲ ಅಂದ್ರೆ? ಇವತ್ತು ಇಷ್ಟೆಲ್ಲ ಆಗಿರೋಳನ್ನ ಒಬ್ಬಳನ್ನೇ ಬಿಡ್ತಾನಾ? ಅವನ ತಲೆ ನೆಟ್ಟಗಿದೆಯಾ?’ ಅಕ್ಕ ಎದ್ದು ಕೂತಳು. ನಳಿಗೆ ಮೂಗಿನಿಂದ ಜಾರಿತು. ‘ಕರಿ ಅವನನ್ನ. ಯಾಕೆ ಅಂತ ನಾನು ಕೇಳ್ತೀನಿ.’

‘ಬಿಡು ಅಕ್ಕ.’

‘ನೀನು ಸುಮ್ನಿರು, ನಾನು ಮಾತಾಡ್ತೀನಿ. ಕರೀತೀಯೋ, ನಾನೇ ಏಳಲೋ?’

ಅವಳು ಜಾರಿದ ನಳಿಗೆಯನ್ನು ಅಕ್ಕನ ಮೂಗಿಗೆ ಸರಿಯಾಗಿ ಕೂರಿಸಿದಳು. ಎದ್ದು ಬಾಗಿಲಿಗೆ ಹೋದಳು. ಗೈಡು ಅಲ್ಲೇ ಇದ್ದ. ಕರೆದರೆ ಬರುತ್ತಾನೆ. ಬಂದರೆ ಅಕ್ಕ ಕೇಳುತ್ತಾಳೆ. ಕೇಳಿದರೆ ಅವನು ಹೇಳುತ್ತಾನೆ. ನಾಲ್ಕು ಮಾತು ಸಾಕು ಅವನಿಗೆ. ಆಮೇಲೆ ಮಗಳಿಗೂ ತಿಳಿಯುತ್ತದೆ. ಎದುರಿಗೆ ಮೋಡ ಹರಿದು, ಮಧ್ಯಾಹ್ನ ಅವರನ್ನು ಹೊಡೆದಟ್ಟಿದ್ದ ಬೆಟ್ಟ ಏನೂ ಆಗಿಲ್ಲವೆಂಬಂತೆ ನಿಂತಿತ್ತು. ಅವಳು ಚೌಕಟ್ಟನ್ನು ಹಿಡಿದುಕೊಂಡಳು.

‘ಸ್ವಲ್ಪ ಒಳಗೆ ಬನ್ನಿ,’ ಎಂದಳು. ‘ಅಕ್ಕ ಏನೋ ಕೇಳ್ಬೇಕಂತೆ.’